ತುಪ್ಪದ ಭರಣಿಯೂ ಉಸಿರಾಡುವ ದೇಹವೂ



ಬೆಣ್ಣೆ ಕಾಯಿಸುವಾಗ ನೊರೆಯೆಲ್ಲ ಅಡಗಿ, ಗಸಿ ತಳಕ್ಕಿಳಿದು ಕೆಂಪಗಾಗಿ, ಇನ್ನೇನು ಪಾತ್ರೆಯನ್ನು ಒಲೆಯಿಂದ ಇಳಿಸಬೇಕೆನ್ನುವ ಹೊತ್ತಿಗೆ ನಮ್ಮ ತಾಯಿಯವರು ಒಂದು ವೀಳ್ಯದೆಲೆಯ ತೊಟ್ಟು ಮುರಿದು, ಸೆರಗಿನಿಂದ ಅದರ ತೇವವನ್ನೊರಸಿ, ಕುದಿಯುವ ತುಪ್ಪದೊಳಕ್ಕೆ ಬಿಡುತ್ತಿದ್ದರು. ಎಲೆ ಚಟಪಟನೆ ಸದ್ದು ಮಾಡಿ, ಸುರುಟಿಕೊಂಡು, ಗರಿಗರಿಯಾಗಿ ಮೇಲೆ ತೇಲುತ್ತಿತ್ತು. ವೀಳ್ಯದೆಲೆ ಇಲ್ಲದ ದಿನ ಹಿತ್ತಲಿನ ನುಗ್ಗೆಸೊಪ್ಪಿನ ಒಂದು ಕಡ್ಡಿ ಆ ಕೆಲಸಕ್ಕೆ ಒದಗುತ್ತಿತ್ತು. ಹೀಗೇಕೆಂದು ಕೇಳಿದರೆ, "ತುಪ್ಪ ಕಮಟು ಹಿಡಿಯೋದಿಲ್ಲ ಮಗು, ಮಳೆಗಾಲ ಕಳೆಯೋವರೆಗೂ ಘಮಘಮ ಅಂತಿರುತ್ತೆ" ಎನ್ನುತ್ತಿದ್ದರು. ಮುಂದೆ ನಾನು ಜೀವರಸಾಯನಶಾಸ್ತ್ರವನ್ನು ಓದಿ, ಅದನ್ನೇ ಮೂವತ್ತು ವರ್ಷಕಾಲ ಪಾಠ ಹೇಳಿ ನಿವೃತ್ತನಾದ ಮೇಲೂ, ಆ ಮಾತಿಗಿಂತ ಸ್ಪಷ್ಟವಾಗಿ ಉತ್ಕರ್ಷಣ ನಿರೋಧಕವೆಂಬುದನ್ನು ವಿವರಿಸಬಲ್ಲ ಇನ್ನೊಂದು ಮಾತು ನನಗೆ ದೊರೆಯಲಿಲ್ಲ.

ಜಿಡ್ಡಿನ ಪದಾರ್ಥವು ಗಾಳಿಯಲ್ಲಿರುವ ಆಮ್ಲಜನಕದೊಡನೆ ಬೆರೆತು ಕೆಡುವುದು ಒಂದು ವಿಚಿತ್ರ ಕ್ರಮದಲ್ಲಿ. ಮೊದಲು ಒಂದು ಅಣು ತನ್ನ ಜೋಡಿ ಎಲೆಕ್ಟ್ರಾನುಗಳಲ್ಲಿ ಒಂದನ್ನು ಕಳೆದುಕೊಂಡು ಒಂಟಿಯಾಗುತ್ತದೆ. ಇಂತಹ ಒಂಟಿ ಎಲೆಕ್ಟ್ರಾನಿನ ಅಣುವನ್ನೇ ರಸಾಯನಜ್ಞರು ಫ್ರೀ ರ‍್ಯಾಡಿಕಲ್ ಎಂದೂ ನಮ್ಮ ಪಠ್ಯಪುಸ್ತಕಗಳು ಮುಕ್ತ ಮೂಲಕವೆಂದೂ ಕರೆಯುತ್ತವೆ. ಅದು ತನ್ನ ಕೊರತೆಯನ್ನು ನೀಗಿಕೊಳ್ಳಲು ನೆರೆಯ ಅಣುವಿನಿಂದ ಕಿತ್ತುಕೊಳ್ಳುತ್ತದೆ, ನೆರೆಯದು ತನ್ನ ನೆರೆಯದರಿಂದ. ಹೀಗೆ ಕೇಡು ಕೈಯಿಂದ ಕೈಗೆ ದಾಟಿ ಭರಣಿಯ ತುಪ್ಪವೆಲ್ಲ ಕೆಲವು ತಿಂಗಳಲ್ಲಿ ಕಮಟುತ್ತದೆ. ವೀಳ್ಯದೆಲೆಯಲ್ಲಿರುವ ಫೀನಾಲ್ ಜಾತಿಯ ದ್ರವ್ಯಗಳು ತಮ್ಮದೊಂದು ಹೈಡ್ರೊಜನ್ ಪರಮಾಣುವನ್ನು ತಾವಾಗಿಯೇ ಕೊಟ್ಟು, ಕೊಟ್ಟ ಮೇಲೂ ತಾವು ಅಷ್ಟಾಗಿ ಕೆರಳದೆ, ಆ ಸರಣಿಯನ್ನು ಅಲ್ಲಿಗೇ ಕಡಿದುಬಿಡುತ್ತವೆ. ಇಷ್ಟೇ ಇದರ ಗುಟ್ಟು.

ಎಲೆಯೊಂದು ತುಪ್ಪವನ್ನು ಕೆಡದಂತೆ ಕಾಯಬಲ್ಲುದಾದರೆ, ಎಲೆಯ ಸಾರವು ಮನುಷ್ಯನನ್ನೂ ಕೆಡದಂತೆ, ಮುಪ್ಪಾಗದಂತೆ, ಅರ್ಬುದರೋಗಕ್ಕೆ ಈಡಾಗದಂತೆ ಏಕೆ ಕಾಯಬಾರದು? ಸಹಜವಾದ, ಚೆಲುವಾದ, ಯಾರ ಮನಸ್ಸನ್ನಾದರೂ ಸೆಳೆಯಬಲ್ಲ ಪ್ರಶ್ನೆ ಇದು. ಇಂದು ಔಷಧದ ಅಂಗಡಿಗಳ ಗಾಜಿನ ಕಪಾಟುಗಳಲ್ಲಿ ಅರಿಸಿನ, ನೆಲ್ಲಿ, ಹಸಿರು ಚಹ, ದ್ರಾಕ್ಷಿಬೀಜ ಮೊದಲಾದವುಗಳ ಸಾರವನ್ನು ತುಂಬಿಕೊಂಡು ಸಾಲಾಗಿ ನಿಂತಿರುವ ಶೀಶೆಗಳೆಲ್ಲ ಈ ಒಂದು ಪ್ರಶ್ನೆಯ ಸಂತಾನವೇ ಸರಿ. ತುಪ್ಪದ ಭರಣಿಗೆ ಸಲ್ಲುವ ನ್ಯಾಯವು ಉಸಿರಾಡುವ ದೇಹಕ್ಕೆ ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದೇ ನನ್ನ ಇಂದಿನ ಉಪನ್ಯಾಸದ ವಿಷಯ.

ಈ ಪ್ರಶ್ನೆಯನ್ನು ಶಾಸ್ತ್ರದ ಭಾಷೆಯಲ್ಲಿ ಎತ್ತಿದವರಲ್ಲಿ ಪ್ರಮುಖನಾದ ಡೆನ್‌ಹ್ಯಾಮ್ ಹಾರ್ಮನ್ ಎಂಬಾತನು ವೈದ್ಯನಾಗುವುದಕ್ಕೆ ಮೊದಲು ಷೆಲ್ ತೈಲಸಂಸ್ಥೆಯಲ್ಲಿ ರಸಾಯನಜ್ಞನಾಗಿದ್ದನೆಂಬುದು ಗಮನಿಸತಕ್ಕ ಸಂಗತಿ. ಎಣ್ಣೆಗಳ ನಡುವೆ ಬಹುಕಾಲ ಕಳೆದ ಆತನು 1956ರಲ್ಲಿ, ಮುಪ್ಪೆಂಬುದು ಮುಕ್ತ ಮೂಲಕಗಳು ದೇಹದೊಳಗೆ ನಿತ್ಯವೂ ಎಸಗುವ ಸಣ್ಣಪುಟ್ಟ ಹಾನಿಗಳ ಮೊತ್ತವೆಂಬ ವಾದವನ್ನು ಮುಂದಿಟ್ಟನು. ಅದಕ್ಕೆ ಎರಡು ವರ್ಷ ಮೊದಲೇ ಅರ್ಜೆಂಟೀನ ದೇಶದ ರೆಬೆಕಾ ಗೆರ್ಶ್‌ಮನ್ ಎಂಬ ವಿದುಷಿಯು, ಅತಿಯಾದ ಆಮ್ಲಜನಕದಿಂದ ಜೀವಿಗಾಗುವ ಪೆಟ್ಟೂ ಕ್ಷಕಿರಣದಿಂದಾಗುವ ಪೆಟ್ಟೂ ಒಂದೇ ಬಗೆಯವೆಂದು ತೋರಿಸಿದ್ದಳು. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಎಂಬಿಬ್ಬರು, ಇಂತಹ ಮೂಲಕವೊಂದನ್ನು ಅಡಗಿಸುವುದನ್ನೇ ಕಸುಬಾಗಿ ಮಾಡಿಕೊಂಡಿರುವ ಕಿಣ್ವವೊಂದನ್ನು ಕಂಡುಹಿಡಿದರು. ಅದಕ್ಕೆ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂದು ಹೆಸರಾಯಿತು. ಕಾವಲುಗಾರನಿರುವನೆಂದ ಮೇಲೆ ಕಳ್ಳನೂ ಇರಲೇಬೇಕಷ್ಟೆ. 1985ರಲ್ಲಿ ಜರ್ಮನಿಯ ಹೆಲ್ಮುಟ್ ಸೀಸ್ ಎಂಬ ವಿದ್ವಾಂಸನು, ಕೇಡು ಮಾಡುವ ಪಕ್ಷವು ಕಾಯುವ ಪಕ್ಷಕ್ಕಿಂತ ಮೇಲಾಗುವ ಸ್ಥಿತಿಗೆ ಉತ್ಕರ್ಷಣ ಒತ್ತಡವೆಂಬ ಅರ್ಥದ ಹೆಸರನ್ನು ರೂಢಿಗೆ ತಂದನು.

ಕಾವಲುಗಾರನೆಂದೆನಷ್ಟೆ, ಆ ಮಾತನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ನಾನು ತರಗತಿಯಲ್ಲಿ ಪ್ರತಿ ವರ್ಷವೂ ಮಾಡಿ ತೋರಿಸುತ್ತಿದ್ದ ಒಂದು ಪ್ರಯೋಗವುಂಟು. ಒಂದು ತಟ್ಟೆಯಲ್ಲಿ ಹಸಿ ಆಲೂಗಡ್ಡೆಯ ಹೋಳು, ಪಕ್ಕದಲ್ಲಿ ಬೇಯಿಸಿದ ಆಲೂಗಡ್ಡೆಯ ಹೋಳು. ಎರಡರ ಮೇಲೂ ಗಾಯ ತೊಳೆಯಲು ಬಳಸುವ ಹೈಡ್ರೊಜನ್ ಪೆರಾಕ್ಸೈಡಿನ ಒಂದೊಂದು ಹನಿ. ಹಸಿಯ ಹೋಳಿನ ಮೇಲೆ ಬಿದ್ದ ಹನಿ ಆ ಕ್ಷಣವೇ ಬುಸುಬುಸು ನೊರೆಯೆದ್ದು ಉಕ್ಕುತ್ತದೆ. ಬೆಂದ ಹೋಳಿನ ಮೇಲೆ ಅದು ಸುಮ್ಮನೆ, ಮಂಜಿನ ಹನಿಯ ಹಾಗೆ, ಹೊಳೆಯುತ್ತ ನಿಂತಿರುತ್ತದೆ. ಹಸಿಯದರಲ್ಲಿರುವ ಕೆಟಲೇಸ್ ಎಂಬ ಕಿಣ್ವವು ಆ ವಿಷವನ್ನು ಒಡೆದು ನೀರನ್ನಾಗಿಯೂ ಆಮ್ಲಜನಕವನ್ನಾಗಿಯೂ ಮಾಡುವುದೇ ಆ ನೊರೆ; ಬೆಂಕಿಯಲ್ಲಿ ಬೆಂದದ್ದಕ್ಕೆ ಆ ಶಕ್ತಿಯಿಲ್ಲ. ನಮ್ಮ ಒಂದೊಂದು ಜೀವಕೋಶದಲ್ಲಿಯೂ ಇಂತಹ ಕಿಣ್ವಗಳ ಕಾವಲು ಹಗಲಿರುಳೂ ನಡೆದಿದೆ; ಕೆಟಲೇಸಿನ ಒಂದೇ ಒಂದು ಅಣು ಕ್ಷಣಮಾತ್ರದಲ್ಲಿ ಲಕ್ಷಾಂತರ ಪೆರಾಕ್ಸೈಡ್ ಅಣುಗಳನ್ನು ಒಡೆಯುತ್ತದೆ. ನಾವು ನುಂಗುವ ಗುಳಿಗೆಯೊಳಗಿನ ಅಣುವಾದರೋ ತನ್ನದೊಂದು ಪರಮಾಣುವನ್ನು ಕೊಟ್ಟು ಕೈಖಾಲಿಯಾಗುತ್ತದೆ. ಇದಲ್ಲದೆ, ನಾವು ಶತ್ರುವೆಂದು ತಿಳಿದ ಈ ಮೂಲಕಗಳೇ ದೇಹಕ್ಕೆ ಆಯುಧವೂ ಹೌದು, ಸಂದೇಶವೂ ಹೌದು. ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ನುಂಗಿ ಕೊಲ್ಲುವಾಗ ಸೂಪರಾಕ್ಸೈಡ್ ಎಂಬ ಮೂಲಕವನ್ನು ಬೇಕೆಂದೇ ಹುಟ್ಟಿಸುತ್ತವೆ. ಹುಟ್ಟಿನಿಂದಲೇ ಆ ಸಾಮರ್ಥ್ಯವಿಲ್ಲದ ಮಕ್ಕಳು ಬೂಷ್ಟು, ಬ್ಯಾಕ್ಟೀರಿಯಾಗಳ ಸೋಂಕಿಗೆ ಮತ್ತೆ ಮತ್ತೆ ತುತ್ತಾಗುತ್ತಾರೆ. ತುಪ್ಪದ ಭರಣಿಗೆ ಕಾವಲೂ ಇಲ್ಲ, ಆಯುಧವೂ ಬೇಡ. ಇಲ್ಲಿಯೇ ಹೋಲಿಕೆ ಹಳಿ ತಪ್ಪಿತು.

ಆದರೆ ಹೋಲಿಕೆ ತಪ್ಪೆಂದು ತರ್ಕದಿಂದ ಹೇಳುವುದು ಸುಲಭ. ಅದನ್ನು ಮನುಷ್ಯರ ಬಾಳಿನಲ್ಲಿ ಕಂಡುಕೊಂಡ ಬಗೆ ಮಾತ್ರ ಬಲು ದುಬಾರಿಯದು. 1981ರಲ್ಲಿ ರಿಚರ್ಡ್ ಪೀಟೋ, ರಿಚರ್ಡ್ ಡಾಲ್ ಮೊದಲಾದ ಗಣ್ಯ ವಿದ್ವಾಂಸರು, ಸೊಪ್ಪು ತರಕಾರಿಗಳನ್ನು ಹೆಚ್ಚಾಗಿ ತಿನ್ನುವವರಲ್ಲಿ ಅರ್ಬುದರೋಗವು ಕಡಿಮೆಯೆಂಬ ಅನೇಕ ವರದಿಗಳನ್ನು ಒಟ್ಟುಗೂಡಿಸಿ, ಅವುಗಳಲ್ಲಿರುವ ಬೀಟಾ ಕೆರೋಟಿನ್ ಎಂಬ ಕಿತ್ತಳೆವರ್ಣದ ದ್ರವ್ಯವೇ ಇದಕ್ಕೆ ಕಾರಣವಿರಬಹುದೆ ಎಂದು ಕೇಳಿದರು. ಅವರು ಹೌದೆಂದು ಸಾರಲಿಲ್ಲ, ಪರೀಕ್ಷಿಸಿ ನೋಡಬೇಕೆಂದರು; ಆ ಸಂಯಮಕ್ಕಾಗಿ ನಾನು ಅವರನ್ನು ಇಂದಿಗೂ ಗೌರವಿಸುತ್ತೇನೆ. ಪರೀಕ್ಷೆಗೆ ಒದಗಿದ ನೆಲ ಫಿನ್ಲೆಂಡ್. ಆ ದೇಶದ ನೈಋತ್ಯ ಭಾಗದಲ್ಲಿ, 50ರಿಂದ 69 ವರ್ಷ ವಯಸ್ಸಿನ, ಧೂಮಪಾನದ ಅಭ್ಯಾಸವುಳ್ಳ 29,133 ಮಂದಿ ಗಂಡಸರನ್ನು 1985ರಿಂದ ಮೊದಲ್ಗೊಂಡು ಆರಿಸಿ, ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್, ಕೆಲವರಿಗೆ ಇ ಜೀವಸತ್ವ, ಕೆಲವರಿಗೆ ಎರಡೂ, ಉಳಿದವರಿಗೆ ಏನೂ ಇಲ್ಲದ ಹುಸಿಗುಳಿಗೆ, ಹೀಗೆ ಐದರಿಂದ ಎಂಟು ವರ್ಷಕಾಲ ಕೊಟ್ಟರು. ಯಾರ ಕೈಯಲ್ಲಿ ಯಾವ ಗುಳಿಗೆಯೆಂಬುದು ಕೊಡುವವರಿಗೂ ತಿಳಿಯದು, ನುಂಗುವವರಿಗೂ ತಿಳಿಯದು.

1994ರಲ್ಲಿ ಫಲಿತಾಂಶ ಹೊರಬಿದ್ದಾಗ ಬೀಟಾ ಕೆರೋಟಿನ್ ನುಂಗಿದ್ದವರಲ್ಲಿ 474 ಮಂದಿಗೆ, ನುಂಗದಿದ್ದವರಲ್ಲಿ 402 ಮಂದಿಗೆ ಶ್ವಾಸಕೋಶದ ಅರ್ಬುದ ತಗುಲಿತ್ತು. ಕಡಿಮೆಯಾಗಬೇಕಾಗಿದ್ದ ರೋಗವು ಶೇಕಡ 18ರಷ್ಟು ಹೆಚ್ಚಿತ್ತು. ಒಟ್ಟು ಸಾವುಗಳೂ ಶೇಕಡ 8ರಷ್ಟು ಹೆಚ್ಚಿದ್ದವು. ಆ ಎರಡು ಸಂಖ್ಯೆಗಳ ನಡುವಣ 72 ಎಂಬ ಅಂತರವನ್ನು ನಾನು ಕಪ್ಪುಹಲಗೆಯ ಮೇಲೆ ಬರೆದಾಗಲೆಲ್ಲ, ನಂಬಿಕೆಯಿಟ್ಟು ದಿನವೂ ಬೆಳಗ್ಗೆ ಗುಳಿಗೆ ನುಂಗಿದ ಆ ದೂರದ ಜನರ ಮುಖಗಳನ್ನು ಮನಸ್ಸು ಕಲ್ಪಿಸಿಕೊಳ್ಳುತ್ತಿತ್ತು.

ಇದಕ್ಕಿಂತಲೂ ನನ್ನನ್ನು ಬಹುದಿನ ಕಾಡಿದ ಸಂಗತಿ ಆ ವರದಿಗಳ ಒಳಗೇ ಇದೆ. ಗುಳಿಗೆ ಕೊಡುವುದಕ್ಕೆ ಮೊದಲು ಎಲ್ಲರ ರಕ್ತವನ್ನೂ ಪರೀಕ್ಷಿಸಿ, ಅವರವರ ಆಹಾರದ ವಿವರಗಳನ್ನೂ ಬರೆದಿಟ್ಟುಕೊಂಡಿದ್ದರಷ್ಟೆ; ಆ ಲೆಕ್ಕವನ್ನು ನೋಡಿದರೆ, ತಾವು ಉಣ್ಣುವ ಊಟದಿಂದಲೇ ರಕ್ತದಲ್ಲಿ ಹೆಚ್ಚು ಬೀಟಾ ಕೆರೋಟಿನನ್ನು ಪಡೆದಿದ್ದವರಲ್ಲಿ ಈ ರೋಗವು ಕಡಿಮೆಯೇ ಇತ್ತು. ಅದೇ ಜನ, ಅದೇ ಅಣು, ಅದೇ ರೋಗ. ಊಟದಲ್ಲಿ ಬಂದಾಗ ಒಳಿತಿನ ಲಕ್ಷಣವಾಗಿ ಕಂಡದ್ದು ಗುಳಿಗೆಯಲ್ಲಿ ಬಂದಾಗ ಕೇಡಿಗೆ ಕಾರಣವಾಯಿತು. ರಕ್ತದ ಕೆರೋಟಿನ್ ಎಂಬುದು ಆ ಮನುಷ್ಯನು ಬದುಕುತ್ತಿದ್ದ ರೀತಿಯ ಒಂದು ಗುರುತು ಮಾತ್ರವಾಗಿತ್ತು. ಸೊಪ್ಪು ತರಕಾರಿಯನ್ನು ತಿನ್ನುವವನು ಬೇರೆ ಹತ್ತು ವಿಷಯಗಳಲ್ಲಿಯೂ ಬೇರೆಯಾಗಿ ಬಾಳುತ್ತಾನೆ, ಮತ್ತು ಸೊಪ್ಪಿನಲ್ಲಿ ಕೆರೋಟಿನಿನ ಜೊತೆಗೆ ಇನ್ನೂ ನೂರಾರು ದ್ರವ್ಯಗಳಿವೆ. ಗುರುತನ್ನೇ ಕಾರಣವೆಂದು ಬಗೆದು, ಅದೊಂದನ್ನು ಸೋಸಿ ತೆಗೆದು, ರಕ್ತದಲ್ಲಿ ಅದರ ಪ್ರಮಾಣವು ಹತ್ತು ಪಟ್ಟಿಗೂ ಮೀರಿ ಏರುವಂತೆ ತುಂಬಿದರು.

ಆ ಒಂದು ಪ್ರಯೋಗವೇನೋ ಆಕಸ್ಮಿಕವಿರಬಹುದೆಂದು ಸಮಾಧಾನಪಟ್ಟುಕೊಳ್ಳುವುದಕ್ಕೂ ಅವಕಾಶವಾಗಲಿಲ್ಲ. ಅಮೆರಿಕದಲ್ಲಿ ಧೂಮಪಾನಿಗಳ ಮೇಲೆಯೂ ಕಲ್ನಾರಿನ ಧೂಳಿನಲ್ಲಿ ದುಡಿದವರ ಮೇಲೆಯೂ, ಒಟ್ಟು 18,314 ಮಂದಿಯ ಮೇಲೆ ನಡೆದ ಇನ್ನೊಂದು ಪ್ರಯೋಗವನ್ನು, ಬೀಟಾ ಕೆರೋಟಿನ್ ಮತ್ತು ಎ ಜೀವಸತ್ವವನ್ನು ಪಡೆದವರಲ್ಲಿ ಶ್ವಾಸಕೋಶದ ಅರ್ಬುದವು ಶೇಕಡ 28ರಷ್ಟು ಹೆಚ್ಚಿದ್ದು ಕಂಡು, 1996ರ ಜನವರಿಯಲ್ಲಿ, ಗೊತ್ತುಮಾಡಿದ ಅವಧಿಗೆ 21 ತಿಂಗಳು ಮುಂಚೆಯೇ ನಿಲ್ಲಿಸಬೇಕಾಯಿತು. ಬಹುಪಾಲು ಧೂಮಪಾನ ಮಾಡದ 22,071 ಮಂದಿ ಅಮೆರಿಕದ ವೈದ್ಯರಲ್ಲಿ ಅರ್ಧದಷ್ಟು ಮಂದಿ ಹನ್ನೆರಡು ವರ್ಷ ಬೀಟಾ ಕೆರೋಟಿನ್ ಗುಳಿಗೆ ನುಂಗಿ ಒಳಿತನ್ನೂ ಕಾಣಲಿಲ್ಲ, ಕೆಡುಕನ್ನೂ ಕಾಣಲಿಲ್ಲ. ಚೀನದ ಲಿನ್ಷಿಯನ್ ಪ್ರದೇಶದಲ್ಲಿ ಮಾತ್ರ ಬೀಟಾ ಕೆರೋಟಿನ್, ಇ ಜೀವಸತ್ವ, ಸೆಲೆನಿಯಂ ಮೂರನ್ನೂ ಕೂಡಿಸಿ ಕೊಟ್ಟಾಗ ಸಾವುಗಳು ಶೇಕಡ 9ರಷ್ಟು ಇಳಿದವು. ಅಲ್ಲಿನವರು ಈ ಪೋಷಕಾಂಶಗಳ ಕೊರತೆಯಲ್ಲಿಯೇ ಬಾಳುತ್ತಿದ್ದ ಬಡ ರೈತರು. ಹಸಿದವನಿಗೆ ಹಾಕಿದ ಅನ್ನದ ಫಲವನ್ನು ಉಂಡವನಿಗೆ ಹಾಕಿದ ಅನ್ನದಿಂದ ನಿರೀಕ್ಷಿಸಬಾರದು. 2007ರಲ್ಲಿ ಇಂತಹ 68 ಪ್ರಯೋಗಗಳನ್ನು ಕೂಡಿಸಿ ತೂಗಿನೋಡಿದ ವಿದ್ವಾಂಸರು, ಅವುಗಳ ಪೈಕಿ ಚೆನ್ನಾಗಿ ನಡೆದವುಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ನಿರೋಧಕಗಳನ್ನು ಪಡೆದವರಲ್ಲಿ ಸಾವು ಶೇಕಡ 5ರಷ್ಟು ಹೆಚ್ಚೆಂದು ಕಂಡರು.

ಹೀಗೇಕಾಯಿತು? ಬೀಟಾ ಕೆರೋಟಿನಿನ ಮಟ್ಟಿಗೆ ಒಂದು ಸುಳಿವು ಮೊದಲೇ ಇತ್ತು. ಆಮ್ಲಜನಕ ವಿರಳವಾಗಿರುವ ಕಡೆ ಅದು ನಿರೋಧಕವಾಗಿ ವರ್ತಿಸುತ್ತದೆ, ದಟ್ಟವಾಗಿರುವ ಕಡೆ ತಾನೇ ಕೆರಳಿ ಕೇಡಿನ ಪಕ್ಷಕ್ಕೆ ಸೇರುತ್ತದೆಂದು 1984ರಲ್ಲಿಯೇ ಬರ್ಟನ್, ಇಂಗೋಲ್ಡ್ ಎಂಬ ರಸಾಯನಜ್ಞರು ತೋರಿಸಿದ್ದರು. ಶ್ವಾಸಕೋಶಕ್ಕಿಂತ ಹೆಚ್ಚು ಆಮ್ಲಜನಕವಿರುವ ಅಂಗ ದೇಹದಲ್ಲಿ ಬೇರೊಂದಿಲ್ಲ. ಅದಕ್ಕೆ ಹೊಗೆಯೂ ಸೇರಿದರೆ ಹೇಳಬೇಕಾದ್ದೇನು! ಇನ್ನೊಂದು ಕಾರಣವನ್ನು 2009ರಲ್ಲಿ ಜರ್ಮನಿಯಲ್ಲಿ ನಡೆದ ಸಣ್ಣದೊಂದು ಪ್ರಯೋಗವು ಬೆಳಕಿಗೆ ತಂದಿತು. ತರುಣರಿಗೆ ನಾಲ್ಕು ವಾರ ಕಟ್ಟುನಿಟ್ಟಾಗಿ ವ್ಯಾಯಾಮ ಮಾಡಿಸಿ, ಅವರಲ್ಲಿ ಕೆಲವರಿಗೆ ಸಿ ಮತ್ತು ಇ ಜೀವಸತ್ವಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರು. ಗುಳಿಗೆಯಿಲ್ಲದವರಲ್ಲಿ ಇನ್ಸುಲಿನ್ನಿಗೆ ದೇಹವು ಓಗೊಡುವ ಶಕ್ತಿ ಹೆಚ್ಚಿತು, ಗುಳಿಗೆ ನುಂಗಿದವರಲ್ಲಿ ಹೆಚ್ಚಲಿಲ್ಲ. ಬೆವರು ಹರಿಯುವಂತೆ ದುಡಿದಾಗ ಮಾಂಸಖಂಡದಲ್ಲಿ ಹುಟ್ಟುವ ಮೂಲಕಗಳೇ, ಕಾವಲನ್ನು ಬಲಪಡಿಸಬೇಕೆಂಬ ಕೂಗಾಗಿ ಜೀವಕೋಶಕ್ಕೆ ತಲಪುತ್ತವೆ. ಗುಳಿಗೆಯು ಆ ಕೂಗನ್ನೇ ಅಡಗಿಸಿಬಿಟ್ಟಿತು. ಸೊಪ್ಪು ಕಾಯಿಗಳ ಕಹಿ ಒಗರುಗಳ ವಿಷಯದಲ್ಲಿಯೂ ಈಗ ಅನೇಕ ವಿದ್ವಾಂಸರ ಅಭಿಪ್ರಾಯ ಹೀಗೆಯೇ ಇದೆ: ಹುಳುಹುಪ್ಪಟೆಗಳಿಂದ ಪಾರಾಗಲೆಂದು ಗಿಡವು ತನಗಾಗಿ ಮಾಡಿಕೊಂಡ ಈ ದ್ರವ್ಯಗಳು ನಮ್ಮ ದೇಹದಲ್ಲಿ ಮೂಲಕಗಳ ಎದುರು ತಾವೇ ನಿಂತು ಹೋರಾಡುವುದಕ್ಕಿಂತ ಹೆಚ್ಚಾಗಿ, ಅತ್ಯಲ್ಪವಾಗಿ ನಮ್ಮನ್ನು ಚುಚ್ಚಿ, ನಮ್ಮ ಕಿಣ್ವಗಳನ್ನೇ ಎಚ್ಚರಿಸುತ್ತವೆ. ಪ್ರನಾಳದಲ್ಲಿ ಯಾವ ಹಣ್ಣಿಗೆ ಎಷ್ಟು ನಿರೋಧಕ ಶಕ್ತಿಯೆಂದು ಅಳೆದು ತಾನೇ ಪ್ರಕಟಿಸಿದ್ದ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆಯು 2012ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಆ ಅಂಕಿಗಳಿಗೂ ಮನುಷ್ಯನ ಆರೋಗ್ಯಕ್ಕೂ ಸಂಬಂಧ ಸಿದ್ಧವಾಗಿಲ್ಲವೆಂಬುದೂ, ಅವನ್ನು ವ್ಯಾಪಾರದವರು ದುರುಪಯೋಗಪಡಿಸುತ್ತಿದ್ದಾರೆಂಬುದೂ ಅದಕ್ಕೆ ಕಾರಣ.

ಇನ್ನು ನಮ್ಮ ಮನೆಯದೇ ಆದ ಅರಿಸಿನದ ಮಾತು. ಅರಿಸಿನದ ತೂಕದಲ್ಲಿ ನೂರಕ್ಕೆ ಮೂರು ಪಾಲಿನ ಆಸುಪಾಸಿನಲ್ಲಿರುವ ಕರ್ಕ್ಯುಮಿನ್ ಎಂಬ ಹಳದಿಯ ದ್ರವ್ಯಕ್ಕೆ ಈಚೆಗೆ ಬಂದಿರುವ ಕೀರ್ತಿ ಬೇರಾವ ಸಸ್ಯದ್ರವ್ಯಕ್ಕೂ ಬಂದಂತಿಲ್ಲ. ಆದರೆ ಅದು ಕರುಳಿನಿಂದ ರಕ್ತಕ್ಕೆ ಸೇರುವುದೇ ಅತಿ ಕಷ್ಟ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವಿದ್ವಾಂಸರು ಪ್ರಕಟಿಸಿದ ಪ್ರಯೋಗದಲ್ಲಿ, 2 ಗ್ರಾಂ ಕರ್ಕ್ಯುಮಿನ್ ನುಂಗಿದ ಆರೋಗ್ಯವಂತರ ರಕ್ತದಲ್ಲಿ ಅದು ಕಾಣಿಸಿತೋ ಇಲ್ಲವೋ ಎಂಬಷ್ಟು ಮಾತ್ರವಿತ್ತು; ಅದರೊಡನೆ ಮೆಣಸಿನ ಕಾರದ ಸತ್ವವಾದ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ರಕ್ತಕ್ಕೆ ಸೇರುವ ಪ್ರಮಾಣವು ಇಪ್ಪತ್ತು ಪಟ್ಟಾಯಿತು. ಲೋಕದಾದ್ಯಂತ ಅರಿಸಿನದ ಗುಳಿಗೆಗಳಲ್ಲಿ ಮೆಣಸಿನ ಸಾರವು ಸೇರಿಕೊಂಡಿರುವುದಕ್ಕೆ ಈ ಪ್ರಯೋಗವೇ ಮುಖ್ಯ ಆಧಾರ. ಹೊರಗಿನ ದ್ರವ್ಯಗಳನ್ನು ಕಟ್ಟಿ ಹೊರಹಾಕುವ ಕೆಲಸವನ್ನು ಕರುಳೂ ಯಕೃತ್ತೂ ಮಾಡುತ್ತವೆ. ಪೈಪರಿನ್ ಅವುಗಳ ಕೈಗಳನ್ನು ಸ್ವಲ್ಪಕಾಲ ಹಿಡಿದು ನಿಲ್ಲಿಸುತ್ತದೆ. ಆ ಕೈಗಳೇ ನಾವು ನುಂಗುವ ಬೇರೆ ಔಷಧಗಳನ್ನೂ ನಿಭಾಯಿಸಬೇಕಾದವುಗಳು.

ಇದನ್ನು ನಾನು ನನ್ನ ಅಣ್ಣನವರ ಮನೆಯಲ್ಲಿ ಕಣ್ಣಾರೆ ಕಂಡೆ. ಎಪ್ಪತ್ತು ದಾಟಿದ ಅವರು ಮಂಡಿನೋವಿಗೆಂದು, ಯಾರೋ ಹೇಳಿದರೆಂದು, ಮೆಣಸು ಬೆರೆತ ಅರಿಸಿನದ ಗುಳಿಗೆಗಳನ್ನು ನಾಲ್ಕು ತಿಂಗಳು ನುಂಗಿದ್ದರು. ಒಂದು ದಿನ ಬೆಳಗ್ಗೆ ಕಾಫಿ ತಂದಿಟ್ಟ ಅತ್ತಿಗೆಯವರು, "ನಿಮ್ಮ ಕಣ್ಣೇಕೆ ಹೀಗೆ ಹಳದಿಯಾಗಿದೆ?" ಎಂದರು. ವೈದ್ಯರು ಕಾಮಾಲೆಯ ಪರೀಕ್ಷೆಗಳನ್ನೆಲ್ಲ ಮಾಡಿಸಿ, ಸೋಂಕಿನ ಗುರುತು ಕಾಣದೆ, "ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ ಯಜಮಾನರೇ?" ಎಂದು ಕೇಳಿದರೆ ಅಣ್ಣನವರು "ಏನೂ ಇಲ್ಲ" ಎಂದರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು. ಅರಿಸಿನವನ್ನು ಅವರು ಔಷಧವೆಂದು ಎಣಿಸಿರಲೇ ಇಲ್ಲ. ಎರಡನೆಯ ಸಲ ಹೋದಾಗ ಅತ್ತಿಗೆಯವರೇ ಶೀಶೆಯನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ಗುಳಿಗೆ ನಿಂತಿತು; ಕಣ್ಣು ತಿಳಿಯಾಗಲು ಎರಡು ತಿಂಗಳು ಹಿಡಿಯಿತು. ಅಮೆರಿಕದ ಯಕೃತ್ತಿನ ವೈದ್ಯರ ಕೂಟವೊಂದು 2022ರಲ್ಲಿ ಇಂತಹ ಹತ್ತು ಪ್ರಸಂಗಗಳನ್ನು ವರದಿ ಮಾಡಿತು. ಹತ್ತರಲ್ಲಿ ಏಳು ಮಂದಿಗೆ ಹುಟ್ಟಿನಿಂದ ಬಂದ ಒಂದೇ ಬಗೆಯ ಆನುವಂಶಿಕ ಲಕ್ಷಣವಿತ್ತು, ಒಬ್ಬರು ತೀರಿಕೊಂಡರು. ಹಸಿರು ಚಹದ ಸಾರದ ವಿಷಯದಲ್ಲಿಯೂ ಯುರೋಪಿನ ಆಹಾರ ಸುರಕ್ಷತೆಯ ಅಧಿಕಾರಿಗಳು 2018ರಲ್ಲಿ ಎಚ್ಚರ ಹೇಳಿದ್ದಾರೆ. ಇವು ಸಾವಿರಾರು ಜನರಲ್ಲಿ ಎಲ್ಲೋ ಒಬ್ಬರಿಗೆ ಆಗುವ ಅಪಾಯಗಳೆಂಬುದನ್ನು ನಾನು ಬಲ್ಲೆ, ಮತ್ತು ಸಾರಿನ ಒಗ್ಗರಣೆಗೆ ಹಾಕುವ ಚಿಟಿಕೆ ಅರಿಸಿನಕ್ಕೆ ಈ ಮಾತು ಅನ್ವಯಿಸುವುದಿಲ್ಲವೆಂದು ಒತ್ತಿ ಹೇಳುತ್ತೇನೆ. ಆದರೆ ಆ ಒಬ್ಬರು ನಮ್ಮ ಮನೆಯವರೇ ಆದಾಗ ಅಪರೂಪವೆಂಬ ಮಾತು ಸಮಾಧಾನ ತರುವುದಿಲ್ಲ.

ಇಷ್ಟನ್ನೆಲ್ಲ ಹೇಳಿದವನು ಸಸ್ಯಸಾರಗಳಿಗೆಲ್ಲ ಶತ್ರುವೆಂದು ತಾವು ತಿಳಿಯಬಾರದು. ಸರಿಯಾದ ರೋಗಕ್ಕೆ, ಸರಿಯಾದ ಅಳತೆಯಲ್ಲಿ, ಪರೀಕ್ಷಿಸಿ ಕೊಟ್ಟಾಗ ಫಲಕಂಡ ನಿದರ್ಶನವೊಂದು ನಮ್ಮ ನೆಲದ ಹೂವಿನಲ್ಲಿಯೇ ಇದೆ. ಮುಪ್ಪಿನಲ್ಲಿ ಕಣ್ಣಿನ ಅಕ್ಷಿಪಟಲದ ನಟ್ಟನಡುವಣ ಭಾಗ ಸವೆದು ನೋಟ ಕೆಡುವ ರೋಗವುಂಟು. ಅದು ನಡುವಣ ಹಂತದಲ್ಲಿರುವವರಿಗೆ ಸಿ ಮತ್ತು ಇ ಜೀವಸತ್ವ, ಸತು, ತಾಮ್ರ, ಬೀಟಾ ಕೆರೋಟಿನ್ ಕೂಡಿದ ಗುಳಿಗೆ ಕೊಟ್ಟರೆ ಮುಂದಿನ ಹಂತಕ್ಕೆ ಹೋಗುವ ಸಂಭವವು ಸುಮಾರು ಶೇಕಡ 25ರಷ್ಟು ಇಳಿಯುತ್ತದೆಂದು 2001ರಲ್ಲಿ ಅಮೆರಿಕದ ಪ್ರಯೋಗವೊಂದು ಸಿದ್ಧಪಡಿಸಿತು. ಫಿನ್ಲೆಂಡಿನ ಕಹಿಪಾಠವನ್ನು ನೆನೆದು, ಬೀಟಾ ಕೆರೋಟಿನಿನ ಬದಲು ಲ್ಯೂಟಿನ್ 10 ಮಿಲಿಗ್ರಾಂ, ಝಿಯಾಝ್ಯಾಂತಿನ್ 2 ಮಿಲಿಗ್ರಾಂ ಸೇರಿಸಬಹುದೆಂದು 2013ರಲ್ಲಿ ಎರಡನೆಯ ಪ್ರಯೋಗವು ತೋರಿಸಿತು. ಆ ಲ್ಯೂಟಿನನ್ನು ಹೆಚ್ಚಾಗಿ ತೆಗೆಯುವುದು ಚೆಂಡುಹೂವಿನಿಂದ.

ಹಿಂದಿನ ಮುಂಗಾರಿನಲ್ಲಿ ಊಟಿಯ ಹಾದಿಯಲ್ಲಿ ಗುಂಡ್ಲುಪೇಟೆಯ ಆಚೆ, ಎರಡೂ ಕಡೆ ಕಣ್ಣು ಕೋರೈಸುವಂತೆ ಹಬ್ಬಿದ್ದ ಚೆಂಡುಹೂವಿನ ಹೊಲವೊಂದರ ಬದುವಿನಲ್ಲಿ ನಾನು ವಾಹನದಿಂದಿಳಿದು ನಿಂತೆ. ಬೆನ್ನಿಗೆ ಗೋಣಿಯ ಜೋಳಿಗೆ ಕಟ್ಟಿಕೊಂಡು ಹೂ ಕೀಳುತ್ತಿದ್ದ ಹೆಣ್ಣುಮಗಳೊಬ್ಬಳು, ಬೆರಳೆಲ್ಲ ಹಳದಿಗಟ್ಟಿದ್ದ ಕೈಯನ್ನು ಹಣೆಗಡ್ಡ ಹಿಡಿದು, ಹೂವು ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುವುದೆಂದೂ, ಕೋಳಿಮೊಟ್ಟೆಯ ಭಂಡಾರಕ್ಕೆ ಬಣ್ಣವೇರಲೆಂದು ಕೋಳಿಗಳ ಆಹಾರಕ್ಕೂ ಇದನ್ನು ಬೆರೆಸುವರೆಂದೂ ತಾನೇ ತಿಳಿಸಿ, ಅನಂತರ ಕೇಳಿದಳು: "ಇದು ಕಣ್ಣಿಗೆ ಒಳ್ಳೇದಂತೆ, ಹೌದಾ ಸ್ವಾಮಿ? ನಮ್ಮತ್ತೇರಿಗೆ ಕಣ್ಣು ಮಂಜು ಮಂಜು. ದೀಪ ನೋಡಿದ್ರೆ ಸುತ್ತ ಹೊಗೆ ಕಟ್ಟಿದಂಗೆ ಕಾಣ್ತದಂತೆ. ಹೂವ ಅರೆದು ಕುಡಿಸಿದ್ರೆ ಆದೀತಾ?"

ಆ ಎರಡನೆಯ ಪ್ರಯೋಗದಲ್ಲಿಯೇ ಕಣ್ಣಿನ ಪೊರೆಯನ್ನೂ ಪರೀಕ್ಷಿಸಿದ್ದರು. ಒಟ್ಟಾರೆ ನೋಡಿದರೆ ಲ್ಯೂಟಿನ್ ಅದನ್ನು ತಡೆಯಲಿಲ್ಲ. "ಬೇಡಮ್ಮ, ಹೂವು ಕುಡಿಸಬೇಡ" ಎಂದೆ. "ಅದು ಪೊರೆ ಇರಬಹುದು. ಪೊರೆಯಾದರೆ ಶಸ್ತ್ರಚಿಕಿತ್ಸೆಯಲ್ಲೇ ಹೋಗಬೇಕು, ಒಂದೇ ದಿನದ ಕೆಲಸ. ಕಣ್ಣಿನ ವೈದ್ಯರ ಹತ್ತಿರ ಕರೆದುಕೊಂಡು ಹೋಗು." ಅವಳು ಒಂದು ಗಳಿಗೆ ಹೊಲವನ್ನೂ ನನ್ನನ್ನೂ ನೋಡಿ, "ಜಿಲ್ಲಾಸ್ಪತ್ರೆಗೆ ಯಾವತ್ತು ಹೋಗಬೇಕು ಸ್ವಾಮಿ, ಸೋಮವಾರವಾ?" ಎಂದು ಕೇಳಿದಳು.